ಹಸ್ತಪ್ರತಿಯೂ ಪರಿವರ್ತನ ಸಾಧನವೂ: ಪ್ಯಾಂಡಾಕ್ ಕುರಿತು ಒಂದು ವಿಮರ್ಶೆ

ಗ್ರಂಥಸಂಪಾದಕನಿಗೆ ಲಿಪಿಕಾರನ ಸ್ವಭಾವ ಚೆನ್ನಾಗಿ ಪರಿಚಿತವಾದುದು. ಮುಂದಿರುವ ಓಲೆಯನ್ನು ನೋಡಿ ಪ್ರತಿಮಾಡುವವನು ಎಷ್ಟೇ ಶ್ರದ್ಧಾವಂತನಾಗಿರಲಿ, ತನಗೆ ಅರ್ಥವಾದುದನ್ನು ಮಾತ್ರ ತಪ್ಪಿಲ್ಲದೆ ಬರೆಯುತ್ತಾನೆ. ಅರ್ಥವಾಗದುದನ್ನು ಬಿಡುತ್ತಾನೆ, ಇಲ್ಲವೇ ತನಗೆ ತಿಳಿದ ಮತ್ತೊಂದು ರೂಪಕ್ಕೆ ತಿರುಗಿಸುತ್ತಾನೆ. ಇಂದು ಬರಹವನ್ನು ಅಚ್ಚಿಗೆ ಅಣಿಗೊಳಿಸುವ ಕಾರ್ಯದಲ್ಲಿ ಈ ಲಿಪಿಕಾರನ ಸ್ಥಾನಕ್ಕೆ ತಂತ್ರಾಂಶವೊಂದು ಬಂದು ನಿಂತಿದೆ. ಗಣಕದಲ್ಲಿ ಒಂದು ರೂಪದಲ್ಲಿರುವ ಕಡತವನ್ನು ಮತ್ತೊಂದು ರೂಪಕ್ಕೆ ಮಾರ್ಪಡಿಸಿಕೊಡುವುದು ಅದರ ಕೆಲಸ. ಅಂಥ ಸಾಧನಗಳಲ್ಲಿ ವಿದ್ವಾಂಸರ ನಡುವೆ ಹೆಸರಾಗಿರುವ ಪ್ಯಾಂಡಾಕ್ ಎಂಬುದನ್ನು ಕನ್ನಡ ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆಜ್ಞೆಯ ಸಾಲೊಂದನ್ನು ಬರೆದು ಗಣಕದಿಂದ ಅಚ್ಚಿನ ಪುಟವನ್ನು ಪಡೆಯುವ ಪದ್ಧತಿ ಇತ್ತೀಚಿನದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ವ್ಯವಸ್ಥೆ ರೂಪುಗೊಳ್ಳುತ್ತಿದ್ದಾಗ, 1971 ರಲ್ಲಿ, ಅದನ್ನು ಮೊದಲು ನಿತ್ಯದ ಬಳಕೆಗೆ ತಂದುಕೊಂಡದ್ದು ಅಲ್ಲಿಯ ಪೇಟೆಂಟ್ ವಿಭಾಗ. ಪೇಟೆಂಟ್ ಅರ್ಜಿಗಳನ್ನು ಓರಣವಾಗಿ ಅಚ್ಚುಮಾಡಿಕೊಡುವುದೇ ಅದಕ್ಕೆ ವಹಿಸಿದ ಕೆಲಸವಾಗಿತ್ತು. ತನ್ನ ಗ್ರಂಥದ ಹೊಸ ಆವೃತ್ತಿಯ ಕರಡಚ್ಚನ್ನು 1977 ರಲ್ಲಿ ಕಂಡು ಬೇಸರಗೊಂಡ ಡೊನಾಲ್ಡ್ ಕ್ನೂತ್, ಅಕ್ಷರಜೋಡಣೆಗೆಂದೇ ಟೆಕ್ ಎಂಬ ತಂತ್ರಾಂಶವನ್ನು ನಿರ್ಮಿಸಿದನು. ಪ್ಯಾಂಡಾಕ್ ಈ ಪರಂಪರೆಗೆ ಸೇರಿದುದು. ಇದನ್ನು 2006 ರಲ್ಲಿ ಹೊರತಂದ ಜಾನ್ ಮ್ಯಾಕ್‌ಫಾರ್ಲೇನ್ ಯಂತ್ರಶಾಸ್ತ್ರಜ್ಞರಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದವರು. ಅವರ ಕೃತಿಯಲ್ಲಿ ತಾರ್ಕಿಕನ ಕೈವಾಡ ಕಾಣುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಆ ತರ್ಕವೇನೆಂಬುದನ್ನು ಮೊದಲು ನೋಡೋಣ. ಬರಹಕ್ಕೆ ಹತ್ತು ಬಗೆಯ ಕಡತರೂಪಗಳಿವೆ ಎಂದಿಟ್ಟುಕೊಂಡರೆ, ಒಂದೊಂದರಿಂದ ಉಳಿದ ಒಂದೊಂದಕ್ಕೆ ನೇರವಾಗಿ ಮಾರ್ಪಡಿಸಲು 90 ಪರಿವರ್ತಕಗಳು ಬೇಕು. ನಡುವೆ ಒಂದು ಸಾಮಾನ್ಯ ರೂಪವನ್ನು ಕಲ್ಪಿಸಿಕೊಂಡರೆ, ಅದರೊಳಕ್ಕೆ ತರಲು ಹತ್ತು, ಅದರಿಂದ ಹೊರಕ್ಕೆ ಕಳಿಸಲು ಹತ್ತು, ಒಟ್ಟು 20 ಸಾಕು. ಪ್ಯಾಂಡಾಕ್ ಮಾಡುವುದು ಇದನ್ನೇ. ಈ ಮಧ್ಯಮರೂಪವು ಅಕ್ಷರದ ಗಾತ್ರ ಬಣ್ಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಅಧ್ಯಾಯದ ಶೀರ್ಷಿಕೆ, ಇದು ಗದ್ಯಖಂಡ, ಇದು ಅಡಿಟಿಪ್ಪಣಿ ಎಂದು ಪ್ರತಿಯೊಂದು ಭಾಗದ ಧರ್ಮವನ್ನು ಮಾತ್ರ ಗುರುತಿಸಿಕೊಳ್ಳುತ್ತದೆ. ನಮ್ಮ ಮುದ್ರಣ ಚರಿತ್ರೆಯಿಂದ ಹೋಲಿಕೆ ಕೊಡುವುದಾದರೆ, 1843 ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ದ ಕಲ್ಲಚ್ಚು ಬರೆದ ಕೈಯ ಆಕಾರವನ್ನು ಇದ್ದಂತೆಯೇ ಒತ್ತಿಕೊಡುತ್ತಿತ್ತು, ಅನಂತರ ರೂಢಿಗೆ ಬಂದ ಮೊಳೆಯಚ್ಚು ಬರಹವನ್ನು ಬಿಡಿಸಿ, ಪೆಟ್ಟಿಗೆಯಲ್ಲಿದ್ದ ಮೊಳೆಗಳಿಂದ ಮತ್ತೆ ಜೋಡಿಸುತ್ತಿತ್ತು. ಪ್ಯಾಂಡಾಕ್ ಎರಡನೆಯ ಜಾತಿಯದು. ಪೆಟ್ಟಿಗೆಯಲ್ಲಿ ಇಲ್ಲದ ಮೊಳೆಯನ್ನು ಅದು ಜೋಡಿಸಲಾರದು.

ಈ ಕ್ರಮದ ಗುಣಗಳನ್ನು ಮುಕ್ತಕಂಠದಿಂದ ಒಪ್ಪಬೇಕು. ಸರಳವಾದ ಒಂದೇ ಮಾತೃಕೆಯಿಂದ ಅಚ್ಚಿನ ಪುಟ, ವರ್ಡ್ ಕಡತ, ವಿದ್ಯುನ್ಮಾನ ಪುಸ್ತಕ ಮೂರನ್ನೂ ಪಡೆಯಬಹುದು. ಮಾತೃಕೆಯಲ್ಲಿ ತಿದ್ದಿದ ತಪ್ಪು ಮುಂದಿನ ಸಲ ಮೂರರಲ್ಲಿಯೂ ತಿದ್ದಿದಂತಾಗುತ್ತದೆ. ಇದಕ್ಕಿಂತ ಮಿಗಿಲಾದ ಗುಣ ಇನ್ನೊಂದಿದೆ. ಪರದೆಯ ಮೇಲೆ ಗುಂಡಿಗಳನ್ನೊತ್ತಿ ಮಾಡಿದ ಕೆಲಸಕ್ಕೆ ದಾಖಲೆ ಉಳಿಯುವುದು ಅಪೂರ್ವ. ಆಜ್ಞೆಯ ಸಾಲಾದರೋ ಬರೆದಿಡತಕ್ಕದ್ದು. ಯಾವ ಕಡತದಿಂದ, ಯಾವ ಅಕ್ಷರಮಾದರಿಯಲ್ಲಿ, ಯಾವ ಆಯ್ಕೆಗಳೊಡನೆ ಪುಟ ಸಿದ್ಧವಾಯಿತು ಎಂಬುದನ್ನು ಆ ಒಂದು ಸಾಲೇ ಹೇಳುತ್ತದೆ. ಸಂಪಾದಕನು ಪೀಠಿಕೆಯಲ್ಲಿ ತನ್ನ ಸಂಪಾದನಕ್ರಮವನ್ನು ನಿವೇದಿಸುವುದು ಹೇಗೆ ಕರ್ತವ್ಯವೋ ಹಾಗೆಯೇ ಈ ಸಾಲನ್ನು ಕಾಪಾಡುವುದೂ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಇನ್ನು ದೋಷಗಳ ವಿಚಾರ. ಮೊದಲನೆಯದು ಪದ್ಯದ ಸಾಲು. ಪ್ಯಾಂಡಾಕ್‌ಗೆ ಪ್ರಿಯವಾದ ಮಾರ್ಕ್‌ಡೌನ್ ಎಂಬ ಸರಳ ಲೇಖನಕ್ರಮದಲ್ಲಿ, ನಡುವೆ ಖಾಲಿ ಸಾಲನ್ನು ಬಿಡದೆ ಒಂದರ ಕೆಳಗೊಂದು ಬರೆದ ಸಾಲುಗಳು ಒಂದೇ ಗದ್ಯಖಂಡವೆನಿಸಿಕೊಳ್ಳುತ್ತವೆ. ಕಂದಪದ್ಯದ ನಾಲ್ಕು ಪಾದಗಳನ್ನು ನಾಲ್ಕು ಸಾಲಾಗಿ ಬರೆದುಕೊಟ್ಟರೆ ಅಚ್ಚಿನ ಪುಟದಲ್ಲಿ ಅವು ಕೂಡಿಕೊಂಡು ವಚನದಂತೆ ಹರಿದುಬಿಡುತ್ತವೆ. ಪ್ರತಿ ಸಾಲಿನ ಮೊದಲಿಗೆ ನಿಲುಗೆರೆಯೊಂದನ್ನಿಟ್ಟು ಒಂದು ತೆರಪು ಬಿಟ್ಟು ಬರೆದರೆ ಸಾಲು ನಿಲ್ಲುತ್ತದೆಂಬುದು ನಿಜ. ಆದರೆ ಅದನ್ನರಿಯದವನ ಕೈಗೆ ಚಂಪೂಕಾವ್ಯವೊಂದು ಸಿಕ್ಕಿತೆನ್ನಿ: ಗದ್ಯಪದ್ಯಗಳ ಸಂಧಿಯೇ ಆ ಕಾವ್ಯಪ್ರಕಾರದ ಜೀವ, ಅದೇ ಅಳಿಸಿಹೋಗುತ್ತದೆ.

ಎರಡನೆಯದು ಅಂಚಿನ ಬರಹ. ವರ್ಡ್ ಕಡತದಲ್ಲಿ ಒಬ್ಬರು ಮಾಡಿದ ತಿದ್ದುಪಡಿಗಳೂ ಅಂಚಿನಲ್ಲಿ ಕೇಳಿದ ಪ್ರಶ್ನೆಗಳೂ ಗುರುತಾಗಿ ಉಳಿದಿರುತ್ತವೆ. ಬೇರೆ ಆಜ್ಞೆಯಿಲ್ಲದಿದ್ದರೆ ಪ್ಯಾಂಡಾಕ್ ತಿದ್ದುಪಡಿಗಳೆಲ್ಲವನ್ನೂ ಅಂಗೀಕೃತವೆಂದು ಎಣಿಸಿ ಮೂಲದೊಳಗೆ ಸೇರಿಸುತ್ತದೆ; ಅಂಚಿನ ಟಿಪ್ಪಣಿಗಳನ್ನು ಬಿಟ್ಟುಬಿಡುತ್ತದೆ. ‘ಈ ಪಾಠ ಸಂದಿಗ್ಧ, ಓಲೆಯನ್ನು ಮತ್ತೆ ನೋಡಬೇಕು’ ಎಂದು ಸಹಸಂಪಾದಕರು ಬರೆದಿದ್ದ ಸಂದೇಹ ಹೀಗೆ ಮಾಯವಾಗಿ, ಸಂದಿಗ್ಧ ಪಾಠವೇ ನಿರ್ಣೀತ ಪಾಠವಾಗಿ ಅಚ್ಚಿಗೆ ಹೋಗುತ್ತದೆ. ಲಿಪಿಕಾರರ ಪ್ರಮಾದಗಳಲ್ಲಿ ಇದಕ್ಕೆ ಸಮಾನವಾದುದು ಹಲವಿವೆ. ಇದಕ್ಕಿಂತ ಅಪಾಯಕರವಾದುದು ವಿರಳ.

ಮೂರನೆಯದು ಅಕ್ಷರವೇ. ಅಚ್ಚಿನ ಪುಟವನ್ನು ರಚಿಸಲು ಪ್ಯಾಂಡಾಕ್ ಸ್ವಭಾವತಃ ಆಶ್ರಯಿಸುವ ಪಿಡಿಎಫ್‌ಲೇಟೆಕ್ ಎಂಬ ಯಂತ್ರವು ಕನ್ನಡ ಅಕ್ಷರವನ್ನು ಕಂಡೊಡನೆ ಕೆಲಸ ನಿಲ್ಲಿಸುತ್ತದೆ. ಇದು ಅನನುಕೂಲವಾದರೂ ಪ್ರಾಮಾಣಿಕವಾದ ಸೋಲು. ಅದರ ಬದಲಿಗೆ ಜೀಲೇಟೆಕ್ ಎಂಬುದನ್ನು ಆರಿಸಿ, ಕನ್ನಡ ಅಕ್ಷರಮಾದರಿಯ ಹೆಸರನ್ನು ಹೇಳುವುದನ್ನು ಮರೆತರೆ ಪುಟವೇನೋ ಸಿದ್ಧವಾಗುತ್ತದೆ. ಅದರಲ್ಲಿ ಕನ್ನಡ ಇದ್ದ ಎಡೆಯೆಲ್ಲ ಬರಿದಾಗಿರುತ್ತದೆ. ಎಚ್ಚರಿಕೆಯ ಮಾತುಗಳು ಪರದೆಯ ಮೇಲೆ ಸರಿದುಹೋಗುತ್ತವೆ, ಓದುವವರಾರು? ಲಿಪಿ ಕನ್ನಡವೆಂಬುದನ್ನೂ ಬೇರೆಯಾಗಿ ತಿಳಿಸದಿದ್ದರೆ ಒತ್ತಕ್ಷರಗಳು ಸರಿಯಾಗಿ ಕೂಡದಿರಬಹುದು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ನುಡಿ, ಬರಹ ಅಕ್ಷರಮಾದರಿಗಳಲ್ಲಿ ಸಿದ್ಧವಾದ ಕಡತಗಳ ಗತಿ ಇನ್ನೂ ಕಷ್ಟ. ಅಲ್ಲಿ ಒಳಗೆ ಇರುವುದು ರೋಮನ್ ಸಂಕೇತಗಳು, ಕನ್ನಡವೆಂಬುದು ಅವುಗಳ ಮೇಲಣ ವೇಷ ಮಾತ್ರ. ವೇಷವನ್ನು ಕಳಚುವುದೇ ಧರ್ಮವಾಗಿರುವ ಈ ಸಾಧನದ ಕೈಯಲ್ಲಿ ಅವು ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿಯಾಗಿ ಹೊರಬರುತ್ತವೆ.

ನಾಲ್ಕನೆಯದನ್ನು ದೋಷವೆನ್ನುವುದಕ್ಕಿಂತ ಮಿತಿಯೆನ್ನುವುದು ನ್ಯಾಯ. ಮಧ್ಯಮರೂಪಕ್ಕೆ ತಿಳಿದಿರುವುದು ಒಂದೇ ಬಗೆಯ ಟಿಪ್ಪಣಿ. ಶಾಸ್ತ್ರೀಯ ಸಂಪಾದನೆಯಲ್ಲಾದರೋ ಪಾಠಾಂತರಗಳು ಪದ್ಯದ ಸಾಲನ್ನನುಸರಿಸಿ ಒಂದೆಡೆ, ಅರ್ಥವಿವರಣೆ ಮತ್ತೊಂದೆಡೆ ಬರಬೇಕು. ಉಪತಂತ್ರಗಳಿಂದ ಇದನ್ನು ಸಾಧಿಸಬಹುದಾದರೂ ಅದು ಸಾಧನದ ಸಹಜಗುಣವಲ್ಲ.

ಇಷ್ಟನ್ನು ಹೇಳಿದಮೇಲೆ, ಈ ದೋಷಗಳಲ್ಲಿ ಸಾಧನದ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ವಿಚಾರಮಾಡದೆ ಬಿಟ್ಟರೆ ವಿಮರ್ಶೆ ಏಕಪಕ್ಷವಾದೀತು. ತನಗಿಂತ ಸಮೃದ್ಧವಾದ ರೂಪಗಳಿಂದ ಮಾರ್ಪಡಿಸುವಾಗ ನಷ್ಟವಾಗುವುದುಂಟೆಂದು ಪ್ಯಾಂಡಾಕ್‌ನ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸದೆ ಅಕ್ಷರವನ್ನು ದಪ್ಪಮಾಡಿ ಸುಮ್ಮನಾದ ಲೇಖಕನು, ಅದು ಪರಿವಿಡಿಯಲ್ಲಿ ಸೇರಲಿಲ್ಲವೆಂದು ಸಾಧನವನ್ನು ದೂರುವುದು ತರವಲ್ಲ. ಯಂತ್ರಕ್ಕೆ ಅರ್ಥವಾಗದುದು ಅನೇಕವೇಳೆ ನಾವು ಸ್ಪಷ್ಟವಾಗಿ ಹೇಳದೆ ಉಳಿಸಿದ್ದೇ ಆಗಿರುತ್ತದೆ. ಆ ದೃಷ್ಟಿಯಿಂದ ಪ್ಯಾಂಡಾಕ್ ನಮ್ಮ ಹಸ್ತಪ್ರತಿಗೆ ಹಿಡಿದ ಕನ್ನಡಿ.

ಆದಕಾರಣ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಗದ್ಯಪ್ರಬಂಧಗಳಿಗೂ ಸಂಶೋಧನ ಲೇಖನಗಳಿಗೂ ಈ ಸಾಧನ ಸರ್ವಥಾ ಉಪಾದೇಯ. ಕಾವ್ಯಗಳ ಶಾಸ್ತ್ರೀಯ ಸಂಪಾದನೆಗೆ ಇದನ್ನು ಬಳಸುವವರು ಮೊದಲು ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದು, ಪದ್ಯದ ಸಾಲುಗಳನ್ನು ಗುರುತಿಸಿ, ಅಂಚಿನ ಪ್ರಶ್ನೆಗಳನ್ನು ಇತ್ಯರ್ಥಪಡಿಸಿ, ಅನಂತರವೇ ಆಜ್ಞೆಯನ್ನು ಬರೆಯತಕ್ಕದ್ದು. ಹೊರಬಂದ ಪುಟವನ್ನು ಮಾತೃಕೆಯೊಡನೆ ಸಾಲುಸಾಲಾಗಿ ಒಪ್ಪವಿಟ್ಟು ನೋಡದೆ ಅಚ್ಚಿಗೆ ಕಳಿಸತಕ್ಕದ್ದಲ್ಲ. ಓಲೆಯ ಲಿಪಿಕಾರನು ಪ್ರತಿಯ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುವವರನ್ನು ಬೇಡಿಕೊಳ್ಳುತ್ತಿದ್ದುದುಂಟು. ಈ ಹೊಸ ಲಿಪಿಕಾರನು ಹಾಗೆ ಬೇಡಿಕೊಳ್ಳುವುದಿಲ್ಲ; ತಿದ್ದುವ ಹೊಣೆ ಮಾತ್ರ ಎಂದಿನಂತೆ ನಮ್ಮದೇ.