ಜಠರಾರ್ಬುದದಲ್ಲಿ ವಂಶಸಾಕ್ಷ್ಯದ ಬೆಲೆ

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ಪ್ಯಾರಿ ಗಿಲ್ಫರ್ಡರೂ ಅವರ ಸಂಗಡಿಗರೂ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಗಾತ್ರದಲ್ಲಿ ಕಿರಿದಾದರೂ ಪರಿಣಾಮದಲ್ಲಿ ಬಹು ಹಿರಿದು. ತಲೆಮಾರುಗಳಿಂದ ಜಠರದ ಅರ್ಬುದರೋಗಕ್ಕೆ, ಎಂದರೆ ಹೊಟ್ಟೆಯ ಕ್ಯಾನ್ಸರಿಗೆ, ತುತ್ತಾಗುತ್ತಿದ್ದ ಮಾವೊರಿ ಮನೆತನವೊಂದರ ವಂಶವೃಕ್ಷವನ್ನು ಆಧಾರವಾಗಿಟ್ಟುಕೊಂಡು, ಈ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿರುವ ವಿಕೃತಿಯೇ ಅದಕ್ಕೆ ಮೂಲವೆಂದು ಅದು ಸ್ಥಾಪಿಸಿತು. ಈ ಶೋಧನೆಗೆ ಮುಂದಾದವರು ಆ ಮನೆತನದವರೇ ಎಂಬುದು ಗಮನಾರ್ಹ. ಲೇಖಕರ ಸಾಲಿನಲ್ಲಿ ಅವರ ಹೆಸರುಗಳೂ ಉಂಟು.

ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಡುವುದು ಈ ಪ್ರೋಟೀನಿನ ಕೆಲಸ. ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರಲು, ಜಠರದ ಯಾವುದಾದರೊಂದು ಕೋಶದಲ್ಲಿ ಇನ್ನೊಂದೂ ನಿಷ್ಕ್ರಿಯವಾದರೆ, ಕೋಶಗಳು ಗಂಟುಕಟ್ಟದೆ ಒಳಪೊರೆಯ ಅಡಿಯಲ್ಲಿ ಬಿಡಿಬಿಡಿಯಾಗಿ ಹರಡುವುವು. ಆದುದರಿಂದಲೇ ಗಂಟಲಿನಿಂದ ನಳಿಕೆಯನ್ನಿಳಿಸಿ ನೋಡಿದರೂ ರೋಗವು ಮೊದಮೊದಲು ಕಣ್ಣಿಗೆ ಬೀಳದು. ಒಂದೇ ಮನೆತನದ ಸಾಕ್ಷ್ಯವನ್ನು ಆಕಸ್ಮಿಕವೆಂದು ತಳ್ಳಿಹಾಕಬಹುದಾಗಿತ್ತು. ಬೇರೆ ಎರಡು ಮಾವೊರಿ ಕುಟುಂಬಗಳಲ್ಲಿ ಅದೇ ವಂಶವಾಹಿ, ಬೇರೆ ಬೇರೆ ಸ್ಥಾನಗಳಲ್ಲಿ ಮುರಿದಿರುವುದನ್ನು ತೋರಿಸಿದುದೇ ಲೇಖನದ ನಿಜವಾದ ಬಲ.

ಆದರೆ ಕಾರಣವನ್ನು ತೋರಿಸುವ ಸಾಕ್ಷ್ಯವು ಸಂಭವವನ್ನು ಅಳೆಯುವ ಸಾಕ್ಷ್ಯವಲ್ಲ. ಇಂಥ 11 ಕುಟುಂಬಗಳನ್ನು ಪರಿಶೀಲಿಸಿ 2001ರಲ್ಲಿ ಹೊರಟ ಗಣನೆಯ ಪ್ರಕಾರ, ವಿಕೃತಿಯುಳ್ಳ ಗಂಡಸರಲ್ಲಿ 100ಕ್ಕೆ 67 ಮಂದಿಗೂ ಹೆಂಗಸರಲ್ಲಿ 83 ಮಂದಿಗೂ 80 ವರ್ಷದೊಳಗೆ ಜಠರಾರ್ಬುದವು ತಲೆದೋರತಕ್ಕದ್ದು. ಆ ಕುಟುಂಬಗಳಾದರೋ ರೋಗಿಗಳು ಹೆಚ್ಚಾಗಿದ್ದುದರಿಂದಲೇ ಗಣನೆಗೆ ಬಂದಂಥವು! ಆಯ್ದ ಪದ್ಯಗಳ ಸಂಗ್ರಹವೊಂದನ್ನೇ ಓದಿ ಕವಿಯ ಸಮಗ್ರ ಕೃತಿಯ ಗುಣವನ್ನು ನಿರ್ಣಯಿಸಿದಂತಾಯಿತು. ಬೇರೆ ಕಾರಣಗಳಿಗಾಗಿ ಪರೀಕ್ಷೆಗೊಳಗಾದವರನ್ನೂ ಸೇರಿಸಿಕೊಂಡ 2019ರ ಗಣನೆಯಲ್ಲಿ ಅವೇ ಅಂಕಿಗಳು 42ಕ್ಕೂ 33ಕ್ಕೂ ಇಳಿದುವು.

ಇದು ಕೇವಲ ಗಣಿತದ ಚರ್ಚೆಯಲ್ಲ. ರೋಗವು ಮರೆಯಾಗಿ ಹರಡುವುದರಿಂದ, ವಿಕೃತಿಯುಳ್ಳ ಆರೋಗ್ಯವಂತರಿಗೂ ಜಠರವನ್ನು ಸಂಪೂರ್ಣವಾಗಿ ತೆಗೆಸಿಕೊಳ್ಳುವಂತೆ ವೈದ್ಯರು ಸೂಚಿಸುವುದುಂಟು. ತೆಗೆಸಿಕೊಂಡವರು ಬಾಳೆಲ್ಲ ತುಸುತುಸುವೇ ಉಣ್ಣಬೇಕು, ಬಿ12 ಜೀವಸತ್ತ್ವವನ್ನು ಹೊರಗಿನಿಂದ ಪಡೆಯಬೇಕು. 42 ಎಂಬುದೂ ಅಲ್ಪವಲ್ಲ; ಮನೆಯಲ್ಲಿ ಹಲವರನ್ನು ಕಳೆದುಕೊಂಡವರಿಗೆ ಹಳೆಯ ಅಂಕಿಯೇ ಹೆಚ್ಚು ಹತ್ತಿರವಾಗಿದ್ದೀತು. 1998ರ ಲೇಖಕರಾದರೋ ತಮ್ಮ ಶೀರ್ಷಿಕೆಯಲ್ಲಿಯೇ ವಿಷಯವನ್ನು ಕೌಟುಂಬಿಕ ರೋಗಕ್ಕೆ ಸೀಮಿತಗೊಳಿಸಿಕೊಂಡಿದ್ದಾರೆ. ವಂಶದಲ್ಲಿ ಒಬ್ಬ ಜಠರರೋಗಿಯೂ ಇಲ್ಲದೆ, ಆಕಸ್ಮಿಕವಾಗಿ ವಿಕೃತಿಯು ಗೊತ್ತಾದ ಹೆಂಗಸಿಗೆ ರೋಗಬಹುಳವಾದ ಕುಟುಂಬಗಳಿಂದ ಬಂದ 83ನ್ನು ಹೇಳುವುದಕ್ಕೆ ಆ ಲೇಖನದಲ್ಲಿ ಆಧಾರವಿಲ್ಲ.