ಒಂದು ಹೆಜ್ಜೆ ಎಂದರೆ ಎಷ್ಟು?

ಜಿಡಿಬಿ ಎಂಬ ಡೀಬಗರಿನಲ್ಲಿ ‘ಸ್ಟೆಪ್‌ಐ’ ಕೊಟ್ಟರೆ ಪ್ರೊಸೆಸರ್ ಒಂದೇ ಒಂದು ಇನ್‌ಸ್ಟ್ರಕ್ಷನ್ ನಡೆಸಿ ನಿಲ್ಲಬೇಕು. ಕಾಲೇಜಿನ ಲ್ಯಾಬಿನಲ್ಲಿ 8085 ಕಿಟ್ ಮೇಲೆ ಸಿಂಗಲ್ ಸ್ಟೆಪ್ ಮಾಡಿ ಪಳಗಿದವರಿಗೆ ಇದರಲ್ಲಿ ಅನುಮಾನಿಸುವಂಥದ್ದೇನೂ ಕಾಣದು. ಎಕ್ಸ್86ರಲ್ಲಿ ಬಹುಮಟ್ಟಿಗೆ ಹಾಗೇ ಆಗುತ್ತದೆ: ಟ್ರ್ಯಾಪ್ ಫ್ಲ್ಯಾಗ್ ಎಂಬ ಬಿಟ್ ಏರಿಸಿಟ್ಟರೆ ಸಾಕು, ಹೆಜ್ಜೆಹೆಜ್ಜೆಗೂ ಹಾರ್ಡ್‌ವೇರೇ ಪ್ರೋಗ್ರಾಮನ್ನು ಹಿಡಿದು ನಿಲ್ಲಿಸುತ್ತದೆ.

ಲಿನಕ್ಸ್ ಓಡುವ ಮಿಪ್ಸ್ ಯಂತ್ರದಲ್ಲಿ ಈ ಸೌಲಭ್ಯವಿಲ್ಲ. ಮುಂದಿನ ವಿಳಾಸ ಯಾವುದೆಂದು ಡೀಬಗರ್ ತಾನೇ ಲೆಕ್ಕ ಹಾಕಿ, ಅಲ್ಲೊಂದು ಬ್ರೇಕ್‌ಪಾಯಿಂಟ್ ನೆಟ್ಟು, ಪ್ರೋಗ್ರಾಮನ್ನು ಓಡಲು ಬಿಡುತ್ತದೆ. ಬ್ರಾಂಚ್ ಬಂದರೆ ಅದರ ಬೆನ್ನಿಗಿರುವ ಡಿಲೇ ಸ್ಲಾಟಿನ ಇನ್‌ಸ್ಟ್ರಕ್ಷನ್ನೂ ಅದೇ ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. 32 ಬಿಟ್ ಆರ್ಮ್‌ನಲ್ಲಿ ಥಂಬ್ ಕೋಡಿನ ಎರಡು ಬೈಟಿನ ಇನ್‌ಸ್ಟ್ರಕ್ಷನ್ ಮೇಲೆ ನಾಲ್ಕು ಬೈಟಿನ ಬ್ರೇಕ್‌ಪಾಯಿಂಟ್ ಬರೆದರೆ ಪಕ್ಕದ ಇನ್‌ಸ್ಟ್ರಕ್ಷನ್ ಹಾಳು. ಇವೆಲ್ಲ ಬೇಗ ಸಿಕ್ಕಿಬೀಳುವ ತಪ್ಪುಗಳು. ರಸಿಕನಿಗೆ ಅಷ್ಟೇನೂ ರುಚಿಸುವುದಿಲ್ಲ.

ನನಗೆ ಇಷ್ಟವಾದ ತೊಡಕು 64 ಬಿಟ್ ಆರ್ಮ್‌ನದು. ಅಲ್ಲಿ ಲಾಕ್ ಹಿಡಿಯುವ ಕೋಡ್ ‘ಎಲ್‌ಡಿಎಕ್ಸ್‌ಆರ್’ನಿಂದ ಮೆಮೊರಿ ಓದುತ್ತದೆ, ‘ಎಸ್‌ಟಿಎಕ್ಸ್‌ಆರ್’ನಿಂದ ಬರೆಯುತ್ತದೆ. ನಡುವೆ ಬೇರೆ ಯಾರೂ ಆ ಜಾಗವನ್ನು ಮುಟ್ಟಿಲ್ಲವೆಂದು ಎಕ್ಸ್‌ಕ್ಲೂಸಿವ್ ಮಾನಿಟರ್ ಹೇಳಿದರೆ ಮಾತ್ರ ಬರಹ ಗೆಲ್ಲುತ್ತದೆ. ಇಲ್ಲದಿದ್ದರೆ ಲೂಪ್ ಮತ್ತೆ ಮೊದಲಿಂದ. ಆದರೆ ಸಿಂಗಲ್ ಸ್ಟೆಪ್ ಎಂದರೆ ಪ್ರತಿ ಹೆಜ್ಜೆಗೂ ಒಂದು ಎಕ್ಸೆಪ್ಷನ್. ಅದರಿಂದ ಮರಳುವಾಗ ಮಾನಿಟರ್ ಅಳಿಸಿಹೋಗಿರುತ್ತದೆ. ಹಾಗಾಗಿ ಬರಹ ಸೋಲುತ್ತದೆ, ಕೋಡ್ ಹಿಂದಕ್ಕೆ ಜಿಗಿಯುತ್ತದೆ, ನೀವು ಮತ್ತೆ ಸ್ಟೆಪ್‌ಐ ಕೊಡುತ್ತೀರಿ. ಪರದೆಯ ಮೇಲೆ ಅವೇ ನಾಲ್ಕು ಸಾಲು ಗಾಣದೆತ್ತಿನಂತೆ ಸುತ್ತುತ್ತಿರುತ್ತವೆ. ಡೆಡ್‌ಲಾಕ್ ಎಂದು ಬಗ್ ದಾಖಲಿಸುವವರೂ ಉಂಟು, ಪಾಪ. ಪ್ರೋಗ್ರಾಮಿನಲ್ಲಿ ದೋಷವೇ ಇಲ್ಲ. ನೋಡುತ್ತ ಕೂತದ್ದೇ ತೊಂದರೆ. ಜಿಡಿಬಿ ಈ ಜೋಡಿಯನ್ನು ಗುರುತಿಸಿ, ಇಡೀ ತುಣುಕನ್ನು ಒಂದೇ ಹೆಜ್ಜೆಯಾಗಿ ದಾಟಿಸಲು ನೋಡುತ್ತದೆ. ಅದು ಗುರುತಿಸದಿದ್ದರೆ ‘ಎಸ್‌ಟಿಎಕ್ಸ್‌ಆರ್’ ಆಚೆಗಿನ ಬ್ರಾಂಚನ್ನೂ ದಾಟಿ ನೀವೇ ಬ್ರೇಕ್‌ಪಾಯಿಂಟ್ ಇಟ್ಟು ‘ಕಂಟಿನ್ಯೂ’ ಕೊಡಿ. ರಾಸ್ಪ್‌ಬೆರಿ ಪೈ 4ರಲ್ಲಿ ಈ ಲೂಪನ್ನು ತಪ್ಪಿಸಿಕೊಳ್ಳಲಾಗದು. ಪೈ 5ರ ಪ್ರೊಸೆಸರಿನಲ್ಲಿ ಇದೇ ಕೆಲಸಕ್ಕೆ ಒಂಟಿ ಅಟಾಮಿಕ್ ಇನ್‌ಸ್ಟ್ರಕ್ಷನ್‌ಗಳಿವೆ. ಕಂಪೈಲರಿಗೆ ಅವನ್ನು ಬಳಸಲು ಹೇಳಿದರೆ ಪ್ರಶ್ನೆಯೇ ಏಳುವುದಿಲ್ಲ.

ಎಕ್ಸ್86 ಅಭಿಮಾನಿಗಳು ನಗಬೇಕಿಲ್ಲ. ‘ಪಾಪ್ ಎಸ್‌ಎಸ್’ ಮೇಲೆ ಹೆಜ್ಜೆಯಿಟ್ಟು ನೋಡಿ: ಅದರ ಮುಂದಿನ ಇನ್‌ಸ್ಟ್ರಕ್ಷನ್ ನಡೆದಿರುತ್ತದೆ, ನಿಮಗೆ ಮಾತ್ರ ಕಾಣಿಸಿರುವುದಿಲ್ಲ. ಸ್ಟ್ಯಾಕ್ ಸೆಗ್ಮೆಂಟ್ ಬದಲಾಗಿ ಪಾಯಿಂಟರ್ ಇನ್ನೂ ಬದಲಾಗದ ಆ ಗಳಿಗೆಯಲ್ಲಿ ಯಾವ ಅಡ್ಡಿಯೂ ಬರಬಾರದೆಂದು ಹಿಂದಿನವರು ಮಾಡಿಟ್ಟ ಏರ್ಪಾಡು ಇದು. 2018ರಲ್ಲಿ ಇದೇ ಏರ್ಪಾಡು ಭದ್ರತೆಯ ಬಿರುಕಾಗಿ ಹೊರಬಿತ್ತು. ತಡೆಹಿಡಿದ ಡೀಬಗ್ ಎಕ್ಸೆಪ್ಷನ್ ಕರ್ನಲ್ ಒಳಗೆ ಕಾಲಿಟ್ಟ ಮೇಲೆ ಸಿಡಿಯುವಂತೆ ಮಾಡಬಹುದಿತ್ತು. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್, ಫ್ರೀಬಿಎಸ್‌ಡಿ ಎಲ್ಲಕ್ಕೂ ತೇಪೆ ಹಾಕಬೇಕಾಯಿತು.