ಪಾದ ತಿಕ್ಕಿದ ಕೋಚ್, ಕಾಣದೆ ಹೋದ ಕೆಲಸ

2018ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದಲ್ಲಿ ಏಷ್ಯನ್ ಗೇಮ್ಸ್ ನಡೆಯುತ್ತಿದ್ದಾಗ ಒಂದು ಪುಟ್ಟ ವಿಡಿಯೊ ವಿಯೆಟ್ನಾಮಿನಲ್ಲೂ ಕೊರಿಯಾದಲ್ಲೂ ಮನೆಮಾತಾಯಿತು. ಅರವತ್ತರ ಆಸುಪಾಸಿನ, ಕನ್ನಡಕದ, ಕುಳ್ಳನೆಯ ಕೋಚ್ ಒಬ್ಬರು ತಮ್ಮ ಆಟಗಾರನ ಪಾದ ತಿಕ್ಕುತ್ತಿದ್ದರು. ವಿಯೆಟ್ನಾಂ ಫುಟ್‌ಬಾಲ್ ತಂಡದ ಕೊರಿಯನ್ ಕೋಚ್ ಆಗಿದ್ದ ಈ ಪಾರ್ಕ್ ಹಾಂಗ್ ಸಿಯೊ ಬಗ್ಗೆ ಬರೆಯುವವರು ಯಾರೂ ಇದನ್ನು ಬಿಟ್ಟು ಬರೆಯುವುದಿಲ್ಲ. ಅದೇ ವರ್ಷ ಮಲೇಷ್ಯಾಕ್ಕೆ ಹೋಗುವಾಗ ವಿಮಾನದಲ್ಲಿ ತಮ್ಮ ಬಿಸಿನೆಸ್ ಕ್ಲಾಸ್ ಸೀಟನ್ನು ಗಾಯಗೊಂಡ ಆಟಗಾರನಿಗೆ ಬಿಟ್ಟುಕೊಟ್ಟದ್ದೂ ಅದರ ಜೊತೆಗೇ ಬರುತ್ತದೆ. ಕತೆ ಹೀಗೆ ಸಾಗುತ್ತದೆ: ತವರಿನಲ್ಲಿ ಯಾರಿಗೂ ಬೇಡವಾಗಿ ಮೂರನೇ ದರ್ಜೆಯ ತಂಡಕ್ಕೆ ಇಳಿದಿದ್ದ ಕೋಚ್ ಹನಾಯ್‌ಗೆ ಹೋದರು, ಹುಡುಗರನ್ನು ಹೆತ್ತ ಮಕ್ಕಳಂತೆ ನೋಡಿಕೊಂಡರು, ಅವರು ಗೆದ್ದರು. ಪವಾಡ.

ಪಾದ ತಿಕ್ಕಿದ್ದು ನಿಜ, ಸೀಟು ಬಿಟ್ಟದ್ದೂ ನಿಜ. ಆದರೆ ಈ ಕತೆ ಪಾರ್ಕ್ ಅವರನ್ನು ಹೊಗಳುವ ನೆಪದಲ್ಲಿ ಅವರ ಕಸುಬನ್ನೇ ಅಳಿಸಿಹಾಕುತ್ತದೆ. ವಿಯೆಟ್ನಾಮಿನವರು ಹತ್ತು ವರ್ಷ ಮಾಡಿದ ಕೆಲಸವನ್ನೂ ನುಂಗುತ್ತದೆ. ನನ್ನ ತಕರಾರು ಇಷ್ಟೇ.

ಮೊದಲು ಆ ‘ಬೇಡವಾದ ಕೋಚ್’ ಎಂಬ ಮಾತನ್ನು ನೋಡೋಣ. ಆಟಗಾರನಾಗಿ ಪಾರ್ಕ್ ದೊಡ್ಡ ಹೆಸರಲ್ಲ. ಮಿಡ್‌ಫೀಲ್ಡರ್. ಲಕ್ಕಿ ಗೋಲ್ಡ್‌ಸ್ಟಾರ್ ಕ್ಲಬ್ ಪರ 1985ರಲ್ಲಿ ಕೊರಿಯಾದ ಲೀಗ್ ಗೆದ್ದರು. ರಾಷ್ಟ್ರೀಯ ತಂಡಕ್ಕೆ ಆಡಿದ್ದು 1981ರಲ್ಲಿ ಜಪಾನ್ ವಿರುದ್ಧ ಒಂದೇ ಪಂದ್ಯ. 2002ರ ವಿಶ್ವಕಪ್‌ನಲ್ಲಿ ಕೊರಿಯಾದ ಕೋಚ್ ಗುಸ್ ಹಿಡ್ಡಿಂಕ್‌ಗೆ ಸಹಾಯಕರಾಗಿದ್ದರು. ಪೋಲೆಂಡ್ ಮೇಲೆ ಮೊದಲ ಗೋಲು ಹೊಡೆದ ಹ್ವಾಂಗ್ ಸನ್ ಹಾಂಗ್ ಓಡಿ ಬಂದು ತಬ್ಬಿಕೊಂಡದ್ದು ಹಿಡ್ಡಿಂಕ್ ಅವರನ್ನಲ್ಲ, ಪಾರ್ಕ್ ಅವರನ್ನು. ಕೆಲವೇ ತಿಂಗಳ ನಂತರ ಬುಸಾನ್ ಏಷ್ಯನ್ ಗೇಮ್ಸ್‌ಗೆ ಅವರೇ ಮುಖ್ಯ ಕೋಚ್. ಸೆಮಿಫೈನಲ್‌ನಲ್ಲಿ ಇರಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಕಂಚು ತಂದರು. ಕೂಡಲೇ ಅವರನ್ನು ಮನೆಗೆ ಕಳಿಸಿದರು. ವಿಶ್ವಕಪ್‌ನ ನಾಲ್ಕನೇ ಸ್ಥಾನದ ಅಮಲು ಇಳಿಯದ ದೇಶಕ್ಕೆ ಕಂಚು ಅವಮಾನದಂತೆ ಕಂಡಿತ್ತು. ವೈಫಲ್ಯ ಎನ್ನುವುದಾದರೆ ಅದು ಯಾರದು ಎಂದು ಕೇಳಬೇಕು.

ಆಮೇಲಿನ ವರ್ಷಗಳನ್ನು ಎಲ್ಲರೂ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅವೇ. ಗ್ಯೊಂಗ್ನಮ್ ಎಂಬ ಹೊಸ ಕ್ಲಬ್‌ನ ಮೊದಲ ಕೋಚ್ ಆಗಿ ಅದನ್ನು 2007ರಲ್ಲಿ ಲೀಗ್‌ನ ನಾಲ್ಕನೇ ಸ್ಥಾನಕ್ಕೆ ತಂದರು. ಆಮೇಲೆ ಜಿಯೊನ್ನಾಮ್ ಕ್ಲಬ್ ಆಯಿತು. 2012ರಿಂದ 2015ರವರೆಗೆ ಸಾಂಗ್‌ಜು ಸಾಂಗ್ಮು. ಇದು ಸೇನೆಯ ತಂಡ. ಕಡ್ಡಾಯ ಸೈನಿಕ ಸೇವೆಗೆ ಬಂದ ವೃತ್ತಿಪರ ಆಟಗಾರರು ಎರಡು ವರ್ಷಕ್ಕೂ ಕಡಿಮೆ ಕಾಲ ಇಲ್ಲಿ ಆಡುತ್ತಾರೆ, ಸೇವೆ ಮುಗಿದೊಡನೆ ತಂತಮ್ಮ ಕ್ಲಬ್‌ಗೆ ಹೊರಟುಬಿಡುತ್ತಾರೆ. ಸೀಸನ್ ಅರ್ಧದಲ್ಲಿದ್ದರೂ ಸರಿಯೆ. ಕೋಚ್ ಬೇಕಾದವನನ್ನು ಕೊಳ್ಳುವಂತಿಲ್ಲ, ಇರುವವನನ್ನು ಉಳಿಸಿಕೊಳ್ಳುವಂತಿಲ್ಲ. ಬಂದವರನ್ನು ತಿಂಗಳೊಳಗೆ ಒಂದು ವ್ಯವಸ್ಥೆಗೆ ಹೊಂದಿಸಬೇಕು, ಅವರು ಹೋದಾಗ ಅದೇ ವ್ಯವಸ್ಥೆಯನ್ನು ಬೇರೆ ಕೈಗಳಿಂದ ನಡೆಸಬೇಕು. ಅಂಥ ತಂಡದೊಂದಿಗೆ 2013ರಲ್ಲಿ ಎರಡನೇ ದರ್ಜೆಯ ಲೀಗ್ ಗೆದ್ದು ಮೇಲೆ ಹೋದರು, 2014ರಲ್ಲಿ ಕೆಳಗೆ ಬಿದ್ದರು, 2015ರಲ್ಲಿ ಮತ್ತೆ ಗೆದ್ದರು.

ರಾಷ್ಟ್ರೀಯ ತಂಡದ ಕೋಚ್ ಮಾಡುವ ಕೆಲಸ ಇದಕ್ಕಿಂತ ಬೇರೆ ಏನು? ಅಲ್ಲೂ ಕೊಳ್ಳುವ ಹಾಗಿಲ್ಲ. ಆಟಗಾರರು ಕ್ಲಬ್‌ನಿಂದ ಸಾಲಕ್ಕೆ ಬಂದಂತೆ ಬಂದು ಹೋಗುತ್ತಾರೆ. ದೊಡ್ಡ ಕ್ಲಬ್‌ಗಳಲ್ಲಿ ಪ್ರಶಸ್ತಿ ಗೆದ್ದ ಎಷ್ಟೋ ಕೋಚ್‌ಗಳು ರಾಷ್ಟ್ರೀಯ ತಂಡದಲ್ಲಿ ಎಡವುವುದು ಇಲ್ಲಿಯೇ. 2017ರಲ್ಲಿ ಚಾಂಗ್‌ವನ್ ನಗರದ ತಂಡ ಬಿಟ್ಟು ಹನಾಯ್ ವಿಮಾನ ಹತ್ತಿದ ಮನುಷ್ಯನನ್ನು ಸೋತವನೆಂದು ನೋಡುವುದಕ್ಕಿಂತ, ಆ ಹುದ್ದೆಗೆ ಹದಿನೈದು ವರ್ಷ ಅರಿವಿಲ್ಲದೆ ತಯಾರಾದವನೆಂದು ನೋಡುವುದು ಹೆಚ್ಚು ಸರಿ.

ಇನ್ನು ಪವಾಡದ ಮಾತು. ಪಾರ್ಕ್ ಒಪ್ಪಂದಕ್ಕೆ ಸಹಿ ಹಾಕಿದ್ದು 2017ರ ಅಕ್ಟೋಬರ್‌ನಲ್ಲಿ. 2018ರ ಜನವರಿಯಲ್ಲಿ ಚೀನಾದಲ್ಲಿ ಅವರ 23 ವರ್ಷದೊಳಗಿನವರ ತಂಡ ಇರಾಕ್, ಕತಾರ್ ಎರಡನ್ನೂ ಶೂಟೌಟ್‌ನಲ್ಲಿ ದಾಟಿ ಏಷ್ಯಾ ಫೈನಲ್ ಮುಟ್ಟಿತು. ಚಾಂಗ್‌ಝೌದಲ್ಲಿ ನಡೆದ ಆ ಫೈನಲ್‌ನಲ್ಲಿ, ಹಿಮ ಸುರಿಯುತ್ತಿದ್ದ ಮೈದಾನದಲ್ಲಿ ಕ್ವಾಂಗ್ ಹಾಯ್ ಹೊಡೆದ ಫ್ರೀಕಿಕ್ ಗೋಲು ಇಂದಿಗೂ ಅಲ್ಲಿನವರ ಕಣ್ಣಲ್ಲಿದೆ. ಹೆಚ್ಚುವರಿ ಅವಧಿಯ ಕೊನೆಯ ಗಳಿಗೆಯಲ್ಲಿ ಉಜ್ಬೇಕಿಸ್ತಾನ 2–1ರಿಂದ ಗೆದ್ದಿತು. ಮೂರು ತಿಂಗಳಲ್ಲಿ ಯಾರೂ ಹುಡುಗರಿಗೆ ಅಂಥ ಫ್ರೀಕಿಕ್ ಕಲಿಸಲಾರರು. ಆ ತಂಡದ ನಾಯಕ ಸುವಾನ್ ತ್ರುವಾಂಗ್, ಮುಂಚೂಣಿಯ ಕಾಂಗ್ ಫುವಾಂಗ್, ವಾನ್ ತೋವಾನ್ ಬೆಳೆದದ್ದು ಉದ್ಯಮಿ ದ್ವಾನ್ ನ್ಗುಯೆನ್ ದುಕ್ ಅವರು ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಮತ್ತು ಜೆಎಂಜಿ ಎಂಬ ಫುಟ್‌ಬಾಲ್ ತರಬೇತಿ ಸಂಸ್ಥೆಯ ಜೊತೆ ಸೇರಿ 2007ರಲ್ಲಿ ಪ್ಲೇಕುವಿನಲ್ಲಿ ಕಟ್ಟಿದ ಅಕಾಡೆಮಿಯಲ್ಲಿ. ಕ್ವಾಂಗ್ ಹಾಯ್, ವಾನ್ ಹಾವ್, ಗೋಲ್‌ಕೀಪರ್ ಬುಯ್ ತಿಯೆನ್ ದುಂಗ್ ಅದಾಗಲೇ 2017ರ 20 ವರ್ಷದೊಳಗಿನವರ ವಿಶ್ವಕಪ್ ಆಡಿ ಬಂದವರು. ಅವರನ್ನು ಅಲ್ಲಿಗೆ ಮುಟ್ಟಿಸಿದ್ದು ಹ್ವಾಂಗ್ ಆನ್ ತುವಾನ್ ಎಂಬ ವಿಯೆಟ್ನಾಮಿ ಕೋಚ್. ಪಾದ ತಿಕ್ಕಿದ ಕತೆಯಲ್ಲಿ ಈ ಹೆಸರು ಬರುವುದೇ ಇಲ್ಲ.

ಹಾಗಾದರೆ ಪಾರ್ಕ್ ಮಾಡಿದ್ದೇನು? ಅದೇ ಹುಡುಗರಲ್ಲಿ ಹಲವರು 2017ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಥಾಯ್ಲೆಂಡ್‌ಗೆ 0–3ರಿಂದ ಸೋತು ಗುಂಪಿನಲ್ಲೇ ಹೊರಬಿದ್ದಿದ್ದರು. ಚೆಂಡು ಕಾಲಲ್ಲಿದ್ದಾಗ ಚೆಂದ, ಕಳೆದುಕೊಂಡಾಗ ದಿಕ್ಕಾಪಾಲು. ಪಾರ್ಕ್ ಹಿಂದೆ ಮೂವರು ರಕ್ಷಣಾ ಆಟಗಾರರನ್ನು ನಿಲ್ಲಿಸಿದರು. ಎದುರಾಳಿ ಏರಿ ಬಂದಾಗ ಆ ಮೂವರು ಐವರಾಗುತ್ತಿದ್ದರು, ಅವರ ಮುಂದೆ ನಾಲ್ವರ ಇನ್ನೊಂದು ಸಾಲು. ಚೆಂಡು ಸಿಕ್ಕಿತೋ, ಎರಡು ಮೂರು ಪಾಸ್‌ನಲ್ಲಿ ಎದುರಾಳಿಯ ಗೋಲಿನ ಬಳಿ. ಇದು ನೋಡಲು ಸೊಗಸಾದ ಆಟವಲ್ಲ. ಅಕಾಡೆಮಿ ಕಲಿಸಿದ ನಯವನ್ನು ಕೆಲಮಟ್ಟಿಗೆ ಬಲಿಕೊಟ್ಟ ಆಟ. ಅಂಥ ಕಠಿಣ ಲೆಕ್ಕಾಚಾರಕ್ಕೆ ಅಪ್ಪನ ಮಮತೆ ಎಂದು ಹೆಸರಿಟ್ಟರೆ ಲೆಕ್ಕ ಹಾಕಿದವನ ಬುದ್ಧಿಗೆ ಏನು ಬೆಲೆ ಕೊಟ್ಟಂತಾಯಿತು?

ಅದೃಷ್ಟವೂ ಇತ್ತು. 2019ರ ಏಷ್ಯಾ ಕಪ್‌ನ ಗುಂಪಿನಲ್ಲಿ ವಿಯೆಟ್ನಾಂ ಎರಡು ಪಂದ್ಯ ಸೋತು, ಒಂದು ಗೆದ್ದು ಮೂರು ಅಂಕ ಗಳಿಸಿತು. ಲೆಬನಾನ್‌ಗಿಂತ ಕಡಿಮೆ ಹಳದಿ ಕಾರ್ಡ್ ಪಡೆದದ್ದರಿಂದ ಮಾತ್ರ ಮುಂದಿನ ಸುತ್ತು ಸಿಕ್ಕಿತು. ಅಲ್ಲಿ ಜೋರ್ಡಾನ್ ಅನ್ನು ಶೂಟೌಟ್‌ನಲ್ಲಿ ಮಣಿಸಿ ಎಂಟರ ಘಟ್ಟ ಸೇರಿ, ಜಪಾನ್‌ಗೆ ಒಂದೇ ಗೋಲಿನಿಂದ ಸೋತಿತು. ಅದೇ ಟೂರ್ನಿಯಲ್ಲಿ ನಮ್ಮ ಭಾರತ ತಂಡ ಥಾಯ್ಲೆಂಡ್‌ಗೆ ನಾಲ್ಕು ಗೋಲು ಹೊಡೆದು, ಅಷ್ಟೇ ಮೂರು ಅಂಕ ಗಳಿಸಿ, ಬಹರೇನ್‌ಗೆ ಕೊನೆಯ ಗಳಿಗೆಯ ಪೆನಾಲ್ಟಿ ಕೊಟ್ಟು ಮನೆಗೆ ಬಂದಿತ್ತು. ಮೂರೂವರೆ ವರ್ಷದ ನಂತರ, 2022ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿಗರ ಮೆಚ್ಚಿನ ಸುನಿಲ್ ಛೇತ್ರಿಯ ತಂಡವನ್ನು ಹೋ ಚಿ ಮಿನ್ ನಗರದಲ್ಲಿ ಪಾರ್ಕ್ ಹುಡುಗರು 3–0ರಿಂದ ಸೋಲಿಸಿದರು. ಆ ಅಂತರ ಹಳದಿ ಕಾರ್ಡ್‌ಗಳಿಂದ ಬಂದದ್ದಲ್ಲ, ಪಾದ ತಿಕ್ಕಿದ್ದರಿಂದಲೂ ಅಲ್ಲ. ಒಂದೇ ಗುಂಪು, ಒಂದೇ ವ್ಯವಸ್ಥೆ, ಒಬ್ಬನೇ ಕೋಚ್ ಐದು ವರ್ಷ ಜೊತೆಗಿದ್ದುದರಿಂದ ಬಂದದ್ದು.

ಗೆಲುವುಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ: 2018ರಲ್ಲಿ ಹತ್ತು ವರ್ಷದ ನಂತರ ಆಗ್ನೇಯ ಏಷ್ಯಾ ಕಪ್, 2019ರಲ್ಲಿ ಆರು ದಶಕಗಳ ನಂತರ ಪ್ರಾದೇಶಿಕ ಕ್ರೀಡಾಕೂಟದ ಚಿನ್ನ, 2022ರಲ್ಲಿ ಹನಾಯ್‌ನಲ್ಲೇ ಇನ್ನೊಂದು. ಸೋಲುಗಳನ್ನು ಮಾತ್ರ ಯಾರೂ ಎತ್ತುವುದಿಲ್ಲ. 2020ರಲ್ಲಿ ಅವರದೇ 23 ವರ್ಷದೊಳಗಿನವರ ತಂಡ ಏಷ್ಯಾ ಟೂರ್ನಿಯಲ್ಲಿ ಒಂದೂ ಪಂದ್ಯ ಗೆಲ್ಲದೆ ಗುಂಪಿನಲ್ಲೇ ಹೊರಬಿತ್ತು. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ದೇಶ ಮೊದಲ ಬಾರಿ ಹೋಯಿತು ನಿಜ. ಹತ್ತು ಪಂದ್ಯಗಳಲ್ಲಿ ಎಂಟು ಸೋತಿತು. ಚೀನಾವನ್ನು 3–1ರಿಂದ ಸೋಲಿಸಿದ ಚಾಂದ್ರಮಾನ ಹೊಸ ವರ್ಷದ ರಾತ್ರಿ, ಸೈತಾಮಾದಲ್ಲಿ ಜಪಾನ್ ಜೊತೆ 1–1, ಅಷ್ಟೇ ಫಲ. ಆಗ್ನೇಯ ಏಷ್ಯಾ ಕಪ್‌ನಲ್ಲಿ ಕೊನೆಯ ಎರಡು ಬಾರಿಯೂ ಥಾಯ್ಲೆಂಡ್ ಅಡ್ಡ ಬಂತು. 2023ರ ಜನವರಿಯ ಆ ಕೊನೆಯ ಫೈನಲ್‌ನಲ್ಲೂ ತಂಡದ ಬೆನ್ನೆಲುಬು ಚಾಂಗ್‌ಝೌ ಪೀಳಿಗೆಯೇ. ಹಿರಿಯರ ತಂಡ, ಕಿರಿಯರ ತಂಡ ಎರಡನ್ನೂ ಬಹುಕಾಲ ಕೈಯಲ್ಲಿಟ್ಟುಕೊಂಡಿದ್ದವರು ಪಾರ್ಕ್. ಹೊಸಬರು ಏಳದೆ ಹೋದದ್ದರಲ್ಲಿ ಅವರ ಪಾಲೂ ಇದೆ. ನಂಬಿದವರನ್ನು ಬಿಡಲಾರದ ಸ್ವಭಾವ ಮಮತೆಯೇ ಆಗಿದ್ದರೆ, ಅದು ತಂಡಕ್ಕೆ ಕೊನೆಯಲ್ಲಿ ನಷ್ಟವನ್ನೇ ತಂದಿತು.

ಅವರ ನಂತರ ಬಂದ ಫಿಲಿಪ್ ತ್ರೂಸಿಯೆ ಚೆಂಡು ಹಿಡಿದಾಡುವ ಆಟ ಕಲಿಸಲು, ಹೊಸಬರನ್ನು ತರಲು ಹೊರಟರು. 2024ರ ಮಾರ್ಚ್‌ನಲ್ಲಿ ಹನಾಯ್‌ನಲ್ಲೇ ಇಂಡೊನೇಷ್ಯಾಕ್ಕೆ 0–3ರಿಂದ ಸೋತು ಕೆಲಸ ಕಳೆದುಕೊಂಡರು. ‘ನೋಡಿ, ಕೊರಿಯಾದವರ ಪ್ರೀತಿ ಫ್ರಾನ್ಸಿನವರಿಗೆ ಬರಲಿಲ್ಲ’ ಎಂಬ ವ್ಯಾಖ್ಯಾನಕ್ಕೆ ತಡವಾಗಲಿಲ್ಲ. ತ್ರೂಸಿಯೆಗೆ ಸಿಕ್ಕದ್ದು ಐದು ವರ್ಷ ಎದುರಾಳಿಗೆ ಚೆಂಡು ಬಿಟ್ಟುಕೊಟ್ಟು ಆಡಿ ರೂಢಿಯಾದ ತಂಡ, ದಣಿಯುತ್ತಿದ್ದ ಪೀಳಿಗೆ. ಅದನ್ನು ಅವರು ಅವಸರದಲ್ಲಿ ತಿರುಗಿಸಹೋದರು. ಮುಂದೆ ಇನ್ನೊಬ್ಬ ಕೊರಿಯನ್, ಕಿಮ್ ಸಾಂಗ್ ಸಿಕ್, 2025ರ ಜನವರಿಯಲ್ಲಿ ಆಗ್ನೇಯ ಏಷ್ಯಾ ಕಪ್ ಗೆದ್ದಾಗ ಹಳೆಯ ಕತೆಗೆ ಮತ್ತೆ ಜೀವ ಬಂತು. ಆದರೆ ಆ ಟೂರ್ನಿಯಲ್ಲಿ ಏಳು ಗೋಲು ಹೊಡೆದು ಅತ್ಯುತ್ತಮ ಆಟಗಾರ ಎನಿಸಿಕೊಂಡವನು ನ್ಗುಯೆನ್ ಸುವಾನ್ ಸೋನ್. ಬ್ರೆಜಿಲ್‌ನಲ್ಲಿ ಹುಟ್ಟಿ, ವಿಯೆಟ್ನಾಂ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿ, ಅಲ್ಲಿನ ಪೌರತ್ವ ಪಡೆದು ಅದರ ಹಿಂದಿನ ಡಿಸೆಂಬರ್‌ನಲ್ಲಷ್ಟೇ ತಂಡಕ್ಕೆ ಸೇರಿದ್ದ ಸ್ಟ್ರೈಕರ್.